ಅಪ್ಪನ ಪೂಜೆ ಉದ್ದವಾದದ್ದು

"ಅಳಬಾರದು ಕಣಮ್ಮ. ಲಿಂಗೈಕ್ಯರಾದವರಿಗೆ ಅಳಬಾರದು. ಶಿವನ ಪಾದ ಸೇರಿದ್ರು ನಿಮ್ಮಪ್ಪ."

ಅಪ್ಪ ತೀರಿಕೊಂಡ ದಿನ ಈ ಮಾತನ್ನು ನನಗೆ ಯಾರು ಹೇಳಲಿಲ್ಲ ಎಂದು ಕೇಳಬೇಕು. ಎದುರು ಮನೆಯವರು ಹೇಳಿದರು, ಹಾಲಿನ ಬೂತಿನವರು ಹೇಳಿದರು, ಬದುಕಿದ್ದಾಗ ಅಪ್ಪನ ನಮಸ್ಕಾರಕ್ಕೆ ಒಂದು ದಿನವೂ ತಲೆಯಾಡಿಸದಿದ್ದ ಮನೆ ಮಾಲೀಕರೂ ಬಂದು ಹೇಳಿದರು. ಹೇಳಿದವರನ್ನೆಲ್ಲ ಹೊರಗೆ ದಬ್ಬಿ ಬಾಗಿಲು ಹಾಕಿಕೊಳ್ಳಬೇಕು ಎನ್ನಿಸುತ್ತಿತ್ತು. ನನಗೆ ಅಳು ಬಂದೇ ಇರಲಿಲ್ಲ. ಬಂದದ್ದು ಸಿಟ್ಟು. ಬಾರದ ಅಳುವನ್ನು ತಡೆಯಲು ಬಂದವರ ಮೇಲೆ ಸಿಟ್ಟು, ತಿಂಗಳುಗಟ್ಟಲೆ ಹೊಟ್ಟೆನೋವನ್ನು ಬಚ್ಚಿಟ್ಟುಕೊಂಡು ಸೋಡಾ ಕುಡಿದು ಕೆಲಸಕ್ಕೆ ಹೋಗುತ್ತಿದ್ದ ಅಪ್ಪನ ಮೇಲೆ ಸಿಟ್ಟು. ಶಿವನ ವಿಷಯವಂತೂ ಕೇಳುವುದೇ ಬೇಡ. ಇಪ್ಪತ್ತನಾಲ್ಕು ಗಂಟೆಯೂ ತನ್ನನ್ನು ಎದೆಯ ಮೇಲೆ ಹೊತ್ತುಕೊಂಡು ತಿರುಗಿದ ಮನುಷ್ಯನನ್ನು ಅವನು ನೋಡಿಕೊಂಡ ಚಂದಕ್ಕೆ ಅವನ ಪಾದ ಬೇರೆ ಸೇರಬೇಕಿತ್ತೇ ಎಂದು ನನಗೆ ಉರಿದುಹೋಗುತ್ತಿತ್ತು.

ನಾವಿದ್ದದ್ದು ರಾಜಾಜಿನಗರದ ಒಂದು ಶೀಟಿನ ಮನೆಯಲ್ಲಿ. ಎಂಬತ್ತರ ದಶಕದ ಮಧ್ಯದ ಮಾತು. ಅಪ್ಪ ಇಂಡಸ್ಟ್ರಿಯಲ್ ಎಸ್ಟೇಟಿನ ಸಣ್ಣ ಕಾರ್ಖಾನೆಯೊಂದರಲ್ಲಿ ಲೇತ್ ಓಡಿಸುತ್ತಿದ್ದರು, ನಾನು ಮೆಜೆಸ್ಟಿಕ್ ಹತ್ತಿರದ ಆಫೀಸಿನಲ್ಲಿ ಟೈಪಿಸ್ಟ್. ಅಪ್ಪ, ಅಮ್ಮ, ನಾನು, ಇಷ್ಟೇ ಸಂಸಾರ. ಒಂದು ನಡುಮನೆ, ಒಂದು ಅಡುಗೆಮನೆ, ಅದರ ಹಿಂದೆ ಬಚ್ಚಲು. ಬಚ್ಚಲಿಗೆ ಹೋಗುವ ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಗೂಡು, ಅದರ ಮುಂದೆ ಅಮ್ಮನ ಹಳೆಯ ಸೀರೆಯ ಪರದೆ. ಅದು ನಮ್ಮ ದೇವರ ಮನೆ.

ನಮ್ಮಲ್ಲಿ ಮಗು ಹುಟ್ಟಿದಾಗಲೇ ಅಯ್ಯನವರು ಬಂದು ಲಿಂಗ ಕಟ್ಟುತ್ತಾರೆ. ನೇರಳೆಹಣ್ಣಿಗಿಂತ ಸ್ವಲ್ಪ ದೊಡ್ಡದಾದ, ಕಪ್ಪಗೆ ಹೊಳೆಯುವ ಲಿಂಗ. ಉಳ್ಳವರು ಅದನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು, ಇಲ್ಲದವರು ಬಟ್ಟೆಯಲ್ಲಿ ಸುತ್ತಿ, ಕೊರಳಿನಿಂದ ಎದೆಯ ಮೇಲೆ ಇಳಿಬಿಟ್ಟುಕೊಳ್ಳುತ್ತಾರೆ. ಬೆಳಿಗ್ಗೆ ಸ್ನಾನ ಮಾಡಿ, ಎಡ ಅಂಗೈಯಲ್ಲಿ ಅದನ್ನು ಇಟ್ಟುಕೊಂಡು, ನೀರೆರೆದು, ವಿಭೂತಿ ಹಚ್ಚಿ, ಪತ್ರೆ ಏರಿಸಿ ಪೂಜೆ ಮಾಡಬೇಕು. ಸತ್ತಾಗ ಅದೇ ಲಿಂಗವನ್ನು ಅದೇ ಅಂಗೈಯಲ್ಲಿಟ್ಟು, ಕೂರಿಸಿ ಮಣ್ಣು ಮಾಡುತ್ತಾರೆ. ಬದುಕಿರುವ ತನಕ ಅದು ಮೈಯಿಂದ ಅಗಲಬಾರದು, ಅಗಲಿದರೆ ಪ್ರಾಣವೇ ಹೋದ ಹಾಗೆ ಎಂಬುದು ಹಿರಿಯರ ಮಾತು.

ನಾನು ಕಾಲೇಜು ಮುಗಿಸಿದ ವರ್ಷವೇ ಅದನ್ನು ಬಿಚ್ಚಿಟ್ಟಿದ್ದೆ, ಅತ್ತೆಯ ಪುಣ್ಯದಿಂದ.

ಅತ್ತೆ ಎಂದರೆ ಅಪ್ಪನ ಅಕ್ಕ. ತುಮಕೂರಿನ ಕಡೆಯ ಹಳ್ಳಿಯಲ್ಲಿದ್ದರು. ಆಗಾಗ ಬಂದು ನಮ್ಮ ಮನೆಯ ಆಚಾರ ವಿಚಾರವನ್ನೆಲ್ಲ ತಪಾಸಣೆ ಮಾಡಿ ಹೋಗುತ್ತಿದ್ದರು. ಅಂಥ ಒಂದು ಸಲ ನನ್ನ ಟೈಪಿಂಗ್ ಕ್ಲಾಸಿನ ಗೆಳತಿ ವಿಜಯನಗರದಿಂದ ಬಿಸಿಲಲ್ಲಿ ನಡೆದುಕೊಂಡು ಮನೆಗೆ ಬಂದಳು. ನಾನು ನೀರು ತರಲು ಏಳುವ ಮೊದಲೇ ಅತ್ತೆ ಕೇಳಿದರು:

"ಏನಮ್ಮ, ಲಿಂಗ ಕಟ್ಟಿದ್ದೀಯಾ?"

"ಇಲ್ಲ ಆಂಟಿ," ಎಂದಳು ಅವಳು, ಪರೀಕ್ಷೆಯಲ್ಲಿ ನಪಾಸಾದವಳಂತೆ.

ಅತ್ತೆ ಅವಳನ್ನು ಎಬ್ಬಿಸಿ ಹೊರಗಿನ ಮೆಟ್ಟಿಲ ಮೇಲೆ ಕೂರಿಸಿ, ಅಲ್ಲಿಗೇ ಒಂದು ಲೋಟ ನೀರು ಕೊಟ್ಟರು. ಅವಳು ಹೋದ ಮೇಲೆ ಆ ಲೋಟವನ್ನು ಎರಡು ಬೆರಳಲ್ಲಿ ಎತ್ತಿ ಬಚ್ಚಲಿನ ಮೂಲೆಯಲ್ಲಿ ಬೋರಲು ಹಾಕಿದರು. ನನಗೆ ತಲೆ ಕೆಟ್ಟುಹೋಯಿತು. ಅದೇ ಲೋಟ ತೆಗೆದುಕೊಂಡು, ತೊಳೆಯದೆ ನೀರು ತುಂಬಿ, ಅದೇ ಮೆಟ್ಟಿಲ ಮೇಲೆ ಕೂತು ಗಟಗಟ ಕುಡಿದೆ. ಆಮೇಲೆ ಒಳಗೆ ಬಂದು ಕೊರಳಿನ ದಾರ ಬಿಚ್ಚಿ, ಲಿಂಗವನ್ನು ಬಟ್ಟೆ ಸಮೇತ ಗೂಡಿನಲ್ಲಿಟ್ಟೆ.

"ಇದು ಇದ್ದೋರಿಗೆ ಮಾತ್ರ ಒಳಗೆ ನೀರು ಅಂದ್ರೆ ನಂಗೂ ಬೇಡ. ಇನ್ಮೇಲೆ ನಂಗೂ ಹೊರಗೇ ಕೊಡಿ."

ಅಪ್ಪ ಆಗಷ್ಟೇ ಕೆಲಸದಿಂದ ಬಂದು ಶರಟಿನ ಗುಂಡಿ ಬಿಚ್ಚುತ್ತಿದ್ದರು. ಅತ್ತೆ ಎದೆ ಎದೆ ಬಡಿದುಕೊಂಡು ಅವರಿಗೆ ವಿಷಯ ಹೇಳಿದರು. ಅಪ್ಪ ನನ್ನ ಕಡೆ ನೋಡಿದರು, ಗೂಡಿನ ಕಡೆ ನೋಡಿದರು. "ಆಯ್ತು ಬಿಡು," ಎಂದು ಬಚ್ಚಲಿಗೆ ಕೈಕಾಲು ತೊಳೆಯಲು ಹೋದರು.

ಆ "ಆಯ್ತು ಬಿಡು" ನನ್ನನ್ನು ಉರಿಸಿದಷ್ಟು ಅತ್ತೆಯ ಲೋಟವೂ ಉರಿಸಲಿಲ್ಲ. ಒಂದೋ ನನ್ನ ಕೆನ್ನೆಗೆ ಬಾರಿಸಬೇಕಿತ್ತು, ಇಲ್ಲ ತಮ್ಮ ಅಕ್ಕನಿಗೆ ನೀನು ಮಾಡಿದ್ದು ತಪ್ಪು ಎನ್ನಬೇಕಿತ್ತು. ಎರಡೂ ಮಾಡದೆ ಸೋಪು ಹುಡುಕಿಕೊಂಡು ಹೋದ ಮನುಷ್ಯನಿಗೆ ಮಗಳೂ ಮುಖ್ಯವಲ್ಲ, ಲಿಂಗವೂ ಮುಖ್ಯವಲ್ಲ, ಅಕ್ಕನ ಬಾಯಿ ಮುಚ್ಚಿದರೆ ಸಾಕು ಎಂದುಕೊಂಡೆ. ಸ್ವಲ್ಪ ದಿನ ಬಿಟ್ಟು ನನ್ನ ಲಿಂಗವನ್ನು ಮಠಕ್ಕೆ ಒಪ್ಪಿಸಿ ಬಂದಿರಬೇಕು ಎಂದೂ ಅಂದುಕೊಂಡೆ. ಬೇಡವಾದ ಲಿಂಗವನ್ನು ಹಾಗೆ ಒಪ್ಪಿಸುವುದು ರೂಢಿ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಆ ಪರದೆಯ ಹಿಂದೆ ಇಣುಕುವುದನ್ನೂ ನಾನು ಬಿಟ್ಟೆ. ಹಠ ಎಂದರೆ ಹಠ.

ಅದಾದ ಮೇಲೆ ಅಪ್ಪನ ಪೂಜೆ ಉದ್ದವಾಯಿತು. ಮೊದಲು ಅಮ್ಮ ಉಪ್ಪಿಟ್ಟು ಕೆದಕುವುದರೊಳಗೆ ಮುಗಿಯುತ್ತಿದ್ದದ್ದು ಈಗ ಉಪ್ಪಿಟ್ಟು ತಣ್ಣಗಾದರೂ ಮುಗಿಯುತ್ತಿರಲಿಲ್ಲ. ಆ ಗೂಡಿನ ಮುಂದೆ ಒಬ್ಬರು ಕೂತರೆ ಬಚ್ಚಲಿಗೆ ದಾರಿಯಿಲ್ಲ. ನಲ್ಲಿಯಲ್ಲಿ ನೀರು ನಿಲ್ಲುವ ಹೊತ್ತು, ನನ್ನ ಬಸ್ಸು ಬರುವ ಹೊತ್ತು. ನಾನು ಟವೆಲ್ ಹಿಡಿದುಕೊಂಡು ಪರದೆಯ ಈಚೆ ನಿಂತು ಕುದಿಯುತ್ತಿದ್ದೆ. ಒಳಗೆ ತಂಬಿಗೆಯಿಂದ ತಟ್ಟೆಗೆ ನೀರು ಬೀಳುವ ಸದ್ದು. ಆಮೇಲೆ ಮೌನ. ಮುಗಿಯಿತು ಎನ್ನುವಷ್ಟರಲ್ಲಿ ಮತ್ತೆ ನೀರಿನ ಸದ್ದು.

"ಅಪ್ಪಾ, ಬಸ್ ಹೋಗುತ್ತೆ! ಶಿವ ಎಲ್ಲೂ ಓಡಿ ಹೋಗಲ್ಲ!"

"ಇನ್ನೊಂದ್ ಚೂರು ಕಣಮ್ಮ."

ವಯಸ್ಸಾಗುತ್ತಾ ಭಕ್ತಿ ಜಾಸ್ತಿಯಾಗಿದೆ, ಮನೆಯ ಮನುಷ್ಯರ ಮೇಲೆ ಇರಬೇಕಾದದ್ದೆಲ್ಲ ಕಲ್ಲಿನ ಮೇಲೆ ಹೋಗಿದೆ ಎಂದು ಗೊಣಗುತ್ತಿದ್ದೆ. ಅಮ್ಮನಿಗೆ ಕೇಳಲಿ ಎಂದೇ ಗೊಣಗುತ್ತಿದ್ದೆ. ಅಮ್ಮ ಕೇಳಿಸಿಕೊಂಡು ಸುಮ್ಮನೆ ಸೌಟು ತಿರುಗಿಸುತ್ತಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ ಅಪ್ಪ ಲೇತ್ ಮುಂದೆಯೇ ಹೊಟ್ಟೆ ಹಿಡಿದುಕೊಂಡು ಕುಸಿದುಬಿಟ್ಟರು. ಜೊತೆಯವರು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದರು. ಅಮ್ಮನೂ ನಾನೂ ಹೋಗುವ ಹೊತ್ತಿಗೆ ಹೊಟ್ಟೆ ಹಲಗೆಯ ಹಾಗೆ ಬಿಗಿದುಕೊಂಡಿತ್ತು. ಹುಣ್ಣು ಒಡೆದಿದೆ, ತಕ್ಷಣ ಆಪರೇಶನ್ ಆಗಬೇಕು ಎಂದರು ಡಾಕ್ಟರು. ನರ್ಸ್ ಬಂದು, "ಮೈ ಮೇಲೆ ಏನೂ ಇರಬಾರದು. ಉಂಗುರ, ದಾರ, ಎಲ್ಲ ತೆಗೀರಿ," ಎಂದಳು.

ಅಪ್ಪ ಉಂಗುರ ತೆಗೆದರು. ಕರಡಿಗೆಯ ಮೇಲೆ ಕೈ ಮುಚ್ಚಿಕೊಂಡರು. "ಇದು ತೆಗೆಯಂಗಿಲ್ಲ ಸಿಸ್ಟರ್."

ನರ್ಸ್ ಅಮ್ಮನ ಮುಖ ನೋಡಿದಳು. ಅಮ್ಮ ಅಪ್ಪನ ಮುಖ ನೋಡಿದರು. ಹೊರಗೆ ಸ್ಟ್ರೆಚರ್ ಕಾಯುತ್ತಿತ್ತು. ನೋವಿಗೆ ಅಪ್ಪನ ತುಟಿ ಬಿಳುಚಿಕೊಂಡಿತ್ತು, ಆದರೂ ಆ ಕೈ ಎದೆಯಿಂದ ಸರಿಯಲೊಲ್ಲದು. ವಾರ್ಡಿನವರೆಲ್ಲ ತಿರುಗಿ ನೋಡುವ ಹಾಗೆ ಕಿರುಚಿದೆ.

"ಕಲ್ಲು ಮುಖ್ಯನಾ, ಪ್ರಾಣ ಮುಖ್ಯನಾ? ತೆಗೀರಿ ಅಂದ್ರೆ ತೆಗೀರಿ ಅಪ್ಪ! ನಾಟಕ ಆಡ್ಬೇಡಿ!"

ಅಪ್ಪ ನನ್ನನ್ನೇ ನೋಡಿದರು. ಕರಡಿಗೆ ಬಿಚ್ಚಿ, ಲಿಂಗವನ್ನು ಹೊರಗೆ ತೆಗೆದು, ತಮ್ಮ ಕರವಸ್ತ್ರದಲ್ಲಿ ಸುತ್ತಿದರು. ನಾನು ಕೈ ಒಡ್ಡಿದ್ದೆ. ಅವರು ಅದನ್ನು ಅಮ್ಮನ ಕೈಗೆ ಕೊಟ್ಟರು. "ಕೆಳಗಿಡಬೇಡ. ಮೈ ಮೇಲೇ ಇರ್ಲಿ," ಎಂದರು. ಅಮ್ಮ ಅದನ್ನು ಸೀರೆಯ ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಬರಿದಾದ ಕರಡಿಗೆ ನನ್ನ ಕೈಚೀಲಕ್ಕೆ ಬಂತು.

ಆಪರೇಶನ್ ಆಯಿತು. ನಂಜು ಆಗಲೇ ಮೈಗೆಲ್ಲ ಏರಿತ್ತು. ಅಪ್ಪ ಸರಿಯಾಗಿ ಎಚ್ಚರಗೊಳ್ಳಲೇ ಇಲ್ಲ. ವರಾಂಡದಲ್ಲಿ ಕೂತ ಅಮ್ಮ ಬೆಳಗಾದರೆ ಗಂಟು ಬಿಚ್ಚಿ ಆ ಲಿಂಗಕ್ಕೆ ಒಂದಿಷ್ಟು ನೀರು ಹಾಕಿ ಮತ್ತೆ ಗಂಟು ಕಟ್ಟುತ್ತಿದ್ದರು. ಹಾಗೆ ಕೆಲವು ದಿನ ಕಳೆದು ಒಂದು ಬೆಳಿಗ್ಗೆ ಡಾಕ್ಟರು ಬಂದು ನಮ್ಮ ಮುಂದೆ ತಲೆ ತಗ್ಗಿಸಿದರು. ನಾನು ಅಪ್ಪನ ಜೊತೆ ಆಡಿದ ಕೊನೆಯ ಮಾತು ನಾಟಕ ಆಡಬೇಡಿ ಎಂಬುದು.

ಅತ್ತೆ ಬಸ್ಸಿಳಿದು ಬೀದಿಯ ತುದಿಯಿಂದಲೇ ಗೋಳಾಡುತ್ತಾ ಬಂದರು. ಆಸ್ಪತ್ರೆಯ ಕತೆ ಅವರಿಗೆ ಯಾರು ಹೇಳಿದರೋ ಕಾಣೆ. ಅಪ್ಪನನ್ನು ನಡುಮನೆಯ ಗೋಡೆಗೆ ಒರಗಿಸಿ, ಚಕ್ಕಂಬಕ್ಕಲ ಹಾಕಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ. ಅತ್ತೆ ಅವರ ಮೊಣಕಾಲ ಮೇಲೆ ತಲೆಯಿಟ್ಟು ಅತ್ತು, ಆಮೇಲೆ ಎದ್ದು, ಸೇರಿದವರೆಲ್ಲರ ಮುಂದೆ ನನ್ನ ಕಡೆ ಕೈ ತೋರಿಸಿದರು.

"ಲಿಂಗ ಬಿಡಿಸಿದೋಳು ಪ್ರಾಣಾನೂ ಬಿಡಿಸಿದ್ಲು ಕಣ್ರಮ್ಮ! ತಾನೂ ಬಿಟ್ಲು, ಹೆತ್ತಪ್ಪನ ಕೈಲೂ ಬಿಡಿಸಿದ್ಲು!"

ಆ ಹೊತ್ತಿಗೆ ಅಳಬಾರದು ಎನ್ನುವವರೂ ಬಾಯಿ ಮುಚ್ಚಿಕೊಂಡಿದ್ದರು. ನಾನು ಅಮ್ಮನನ್ನು ನೋಡಿದೆ. ನನಗೆ ಬೇಕಾಗಿದ್ದದ್ದು ಒಂದೇ ಒಂದು ಮಾತು. "ಅಲ್ಲ" ಎಂದು ಅಮ್ಮ ಹೇಳಬೇಕಿತ್ತು. ಅಮ್ಮ ನೆಲ ನೋಡುತ್ತಾ ಕೂತಿದ್ದರು. ಹೆಂಗಸರು ಬಂದು ಅವರನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ, ನೀರು ಹಾಕಿ, ಬೇರೆ ಸೀರೆ ಉಡಿಸಿ ಕರೆತಂದರು.

ನಮ್ಮ ಕಡೆಯ ಅಯ್ಯನವರು ಬಂದಿದ್ದರು. ಇನ್ನೂ ನಡುವಯಸ್ಸಾಗದವರು, ಎಲ್ಲದಕ್ಕೂ ಅವಸರ. "ಲಿಂಗ ಎಲ್ಲಿ? ತನ್ನಿ," ಎಂದರು. ಅಮ್ಮ ಏಳಲು ಹೋದರು. "ನೀನು ಕೂತ್ಕೊ, ನಾನು ತರ್ತೀನಿ," ಎಂದು ಅತ್ತೆ ಪರದೆಯ ಹಿಂದೆ ಹೋಗಿ, ಗೂಡಿನ ಬಟ್ಟಲಿನಲ್ಲಿದ್ದ ಲಿಂಗವನ್ನು ತಂದು ಕೊಟ್ಟರು. ಅಯ್ಯನವರು ಅದನ್ನು ಅಪ್ಪನ ಎಡ ಅಂಗೈಯಲ್ಲಿಟ್ಟು, ಬೆರಳು ಮಡಿಸಿ, ಬಿಳಿ ಬಟ್ಟೆ ಸುತ್ತಿದರು. ಲೇತಿನ ಕಬ್ಬಿಣದ ಪುಡಿ ಕೂತು ಬೂದು ಬಣ್ಣಕ್ಕೆ ತಿರುಗಿದ್ದ ಬೆರಳುಗಳು. ಹೂವಿನ ವಿಮಾನದಲ್ಲಿ ಕೂರಿಸಿ, ಭಜನೆ ಹೇಳುತ್ತಾ, ಮಾಗಡಿ ರೋಡಿನ ಆಚೆ ಹೆಗ್ಗನಹಳ್ಳಿಯ ಕಡೆಯ ನಮ್ಮವರ ರುದ್ರಭೂಮಿಗೆ ಒಯ್ದೆವು. ವಿಭೂತಿ ಗಟ್ಟಿ, ಬಿಲ್ವಪತ್ರೆ, ಆಮೇಲೆ ಮಣ್ಣು. ನಾನೂ ಒಂದು ಹಿಡಿ ಹಾಕಿದೆ. ಕಣ್ಣು ಒಣಗಿಯೇ ಇತ್ತು.

ಮಾರನೆಯ ಬೆಳಿಗ್ಗೆ ಅಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯಲು ಕೂತರು. ಬೇಡ ಎಂದರೂ ಕೇಳಲಿಲ್ಲ. ಆಸ್ಪತ್ರೆಯ ಸೀರೆಯನ್ನು ಕಲ್ಲಿನ ಮೇಲೆ ಎತ್ತಿ ಬಡಿಯುವಾಗ ಠಕ್ ಎಂಬ ಸದ್ದಾಯಿತು. ಆಮೇಲೆ ಅಮ್ಮನ ಕೂಗು. ನಾನು ಓಡಿದೆ, ನನ್ನ ಹಿಂದೆ ಅತ್ತೆ. ಅಮ್ಮ ನೆನೆದ ಸೆರಗಿನ ಗಂಟನ್ನು ಹಲ್ಲಿನಿಂದ ಬಿಚ್ಚುತ್ತಿದ್ದರು. ಒಳಗೆ ಅಪ್ಪನ ಕರವಸ್ತ್ರ, ಕರವಸ್ತ್ರದೊಳಗೆ ಅಪ್ಪನ ಲಿಂಗ. ಆವತ್ತಿನ ಗಡಿಬಿಡಿಯಲ್ಲಿ ಆ ಗಂಟು ನಮ್ಮಿಬ್ಬರಿಗೂ ಮರೆತೇಹೋಗಿತ್ತು.

ಅತ್ತೆ ಬಗ್ಗಿ ನೋಡಿದರು. "ಇದು ಇಲ್ಲಿದ್ರೆ, ಅವನ ಕೈಲಿ ಹೋಗಿದ್ದು ಯಾವ್ದು?"

ಅಮ್ಮ ನನ್ನ ಮುಖ ನೋಡಿದರು. "ಇವಳದು," ಎಂದರು.

"ನಂದು ಮಠಕ್ಕೆ ಕೊಟ್ಟಿರಲಿಲ್ವಾ?" ಎಂದೆ ನಾನು.

"ಇಲ್ಲೇ ಇತ್ತು," ಎಂದರು ಅಮ್ಮ. ಮುಂದೆ ಹೇಳಲು ಅತ್ತೆ ಬಿಡಬೇಕಲ್ಲ. ಹಣೆ ಹಣೆ ಚಚ್ಚಿಕೊಂಡು, ತಮ್ಮ ತನ್ನ ಲಿಂಗವಿಲ್ಲದೆ ಹೋದ, ಬಿಟ್ಟವಳ ಲಿಂಗ ಹಿಡಿದು ಹೋದ, ಅವನಿಗೆ ಮುಕ್ತಿ ಎಲ್ಲಿಂದ ಎಂದು ಶುರು ಮಾಡಿದರು.

"ತಂದುಕೊಟ್ಟೋರು ನೀವೇ ಅಲ್ವಾ ಅತ್ತೆ?" ಎಂದೆ.

"ಗೂಡಲ್ಲಿ ಇನ್ನೊಂದು ಇರುತ್ತೆ ಅಂತ ನಂಗೇನ್ ಕನಸು ಬಿದ್ದಿತ್ತಾ? ನೀನು ಬಿಚ್ಚಿಡದೆ ಇದ್ದಿದ್ರೆ ಅದು ಅಲ್ಲಿ ಯಾಕಿರ್ತಿತ್ತು? ನಾಳೆ ಹಾಲು ತುಪ್ಪಕ್ಕೆ ಅಯ್ಯನೋರು ಬರ್ತಾರೆ. ಮಣ್ಣು ತೆಗೆಸ್ತೀನಿ. ಅವನ ಲಿಂಗ ಅವನ ಕೈಗಿಡಿಸೇ ನಾನು ಊರಿಗೆ ಹೋಗೋದು!"

ಆ ಹಗಲು ಹೇಗೆ ಕಳೆಯಿತೋ ಹೇಳಲಾರೆ. ಮಣ್ಣು ತೆಗೆಯುವುದು ಎಂದರೆ ಆ ಮುಖವನ್ನು ಮತ್ತೆ ತೆರೆಯುವುದು. ತೆಗೆಯದೆ ಬಿಟ್ಟರೆ? ನಾನು ನಂಬದವಳು, ನನಗೇನು ಎಂದು ಹಲ್ಲು ಕಚ್ಚಿಕೊಂಡು ಪಾತ್ರೆ ತೊಳೆದೆ. ಆದರೆ ನಂಬಿದ್ದವರು ಅಪ್ಪ. ನೋವಿನಲ್ಲೂ ಎದೆಯಿಂದ ಕೈ ತೆಗೆಯದ ಮನುಷ್ಯ ಬೇರೆ ಯಾರದೋ ಟಿಫಿನ್ ಡಬ್ಬಿ ಹಿಡಿದು ಕೆಲಸಕ್ಕೆ ಹೊರಟವರ ಹಾಗೆ ಹೋಗಿಬಿಟ್ಟಿದ್ದರು. ನಾನು ಅಂದು ಬಿಚ್ಚಿಡದಿದ್ದರೆ ಗೂಡಿನಲ್ಲಿ ಎರಡನೆಯದು ಇರುತ್ತಿರಲಿಲ್ಲ, ಆಸ್ಪತ್ರೆಯಲ್ಲಿ ಕಿರುಚದಿದ್ದರೆ ಅವರದು ಅವರ ಎದೆಯ ಮೇಲೇ ಇರುತ್ತಿತ್ತು. ಅತ್ತೆ ಹೇಳಿದ್ದನ್ನು ನನ್ನ ತಲೆಯೇ ಹೇಳಲು ಶುರು ಮಾಡಿತ್ತು, ಅದಕ್ಕೇ ಇನ್ನೂ ಸಿಟ್ಟು. ಗೂಡಿನ ಪರದೆ ಸರಿಸಿ, ಅಲ್ಲಿದ್ದ ಬರಿಯ ಬಟ್ಟಲಿಗೆ, "ನಿನಗೆ ಕಣ್ಣಿಲ್ವಾ?" ಎಂದು ಕೇಳಿದೆ. ಆರು ವರ್ಷದಲ್ಲಿ ನಾನು ಶಿವನ ಜೊತೆ ಆಡಿದ ಮೊದಲ ಮಾತು ಅದು.

ಮೂರನೆಯ ದಿನ ಹಾಲು ತುಪ್ಪ ಹಿಡಿದುಕೊಂಡು ರುದ್ರಭೂಮಿಗೆ ಹೋದೆವು. ಅಮ್ಮ, ಅತ್ತೆ, ನಾನು, ಅಯ್ಯನವರು. ಹಸಿ ಮಣ್ಣಿನ ಮೇಲಿನ ಹೂವು ಬಾಡಿತ್ತು. ಅಪ್ಪನ ಲಿಂಗ ಕರವಸ್ತ್ರದ ಸಮೇತ ನನ್ನ ಕೈಯಲ್ಲಿತ್ತು, ಹಾಲಿನ ತಂಬಿಗೆ ಹಿಡಿದ ಅಮ್ಮ ದಾರಿಯಲ್ಲಿ ನನಗೆ ಕೊಟ್ಟಿದ್ದರು. ಅಯ್ಯನವರು ಬುಟ್ಟಿ ಇಳಿಸುವಷ್ಟರಲ್ಲಿ ಅತ್ತೆ ಎಲ್ಲವನ್ನೂ ಹೇಳಿ ಮುಗಿಸಿದರು.

ಅಯ್ಯನವರು ಗಡ್ಡ ಕೆರೆದುಕೊಂಡರು. "ಮುಚ್ಚಿದ್ದನ್ನ ತೆಗೆಯೋದು ಸರಿಯಲ್ಲ. ಆದ್ರೆ... ಒಳಗಿರೋದು ಇವರದಾ? ಇವರು ಈಗ ಕಟ್ಟಲ್ವಾ?"

"ಬಿಟ್ಟು ಆರು ವರ್ಷ ಆಯ್ತು," ಎಂದರು ಅತ್ತೆ.

"ಆರು ವರ್ಷ ಪೂಜೆ ಇಲ್ಲದ ಲಿಂಗನಾ ಕೈಲಿಟ್ಟು ಕಳಿಸಿದ್ದು?" ಅಯ್ಯನವರ ಮುಖ ಗಂಭೀರವಾಯಿತು. "ಹಂಗಾದ್ರೆ ಕಷ್ಟ ಕಣಮ್ಮ. ಮಠದಲ್ಲಿ ಕೇಳ್ಬೇಕು. ತೆಗೀಬೇಕಾಗ್ಬಹುದು."

"ಪೂಜೆ ಇತ್ತು," ಎಂದರು ಅಮ್ಮ.

ಅಪ್ಪ ಹೋದ ಮೇಲೆ ಅಮ್ಮ ಅಷ್ಟು ಗಟ್ಟಿಯಾಗಿ ಆಡಿದ್ದು ಅದೇ ಮೊದಲು. ಎಲ್ಲರೂ ತಿರುಗಿದೆವು.

"ಆಸ್ಪತ್ರೆಗೆ ಹೋಗೋ ತನಕ ಒಂದು ದಿನಾನೂ ತಪ್ಪಿಲ್ಲ ಅಯ್ಯನೋರೆ. ಅವ್ರು ಮೊದ್ಲು ತಮ್ಮದು ಮಾಡೋರು. ಆಮೇಲೆ ಇವಳದನ್ನ ಕೈಲಿಟ್ಕೊಂಡು, ಮತ್ತೆ ಮೊದಲಿಂದ ನೀರು ಹಾಕಿ ಪೂಜೆ ಮಾಡೋರು. ಮಠಕ್ಕೆ ಕೊಟ್ಬಿಡಿ ಅಂತ ನಾನೇ ಎಷ್ಟು ಸಲ ಅಂದೆ. 'ಅವಳು ಸಿಟ್ಟಲ್ಲಿ ಇಟ್ಟಿದ್ದಾಳೆ. ಸಿಟ್ಟು ಇಳಿಯೋ ತನಕ ನಾನು ನೋಡ್ಕೋತೀನಿ' ಅನ್ನೋರು. ಇವಳಿಗೆ ಹೇಳ್ಬೇಡ, ಹೇಳಿದ್ರೆ ಇನ್ನೂ ಸಿಟ್ಟಾಗ್ತಾಳೆ ಅಂದಿದ್ರು. ಹೇಳಿರಲಿಲ್ಲ." ಆಮೇಲೆ ಅತ್ತೆಯ ಕಡೆ ತಿರುಗಿ, "ಅಕ್ಕ, ಆಸ್ಪತ್ರೇಲಿ ಲಿಂಗ ತೆಗೆದದ್ದು ಅವ್ರೇ, ಅವರ ಕೈಯಿಂದ್ಲೇ. ಇವಳು ಕೂಗಾಡದೆ ಇದ್ದಿದ್ರೆ ಆವತ್ತೇ ಹೋಗ್ತಿದ್ರು. ಇನ್ನೊಂದ್ ಸಲ ನನ್ನ ಮಗಳನ್ನ ಹಂಗನ್ನಬೇಡಿ," ಎಂದರು.

ನನ್ನ ಕಿವಿಯಲ್ಲಿ ತಟ್ಟೆಗೆ ನೀರು ಬೀಳುವ ಸದ್ದು. ಮೌನ. ಮತ್ತೆ ನೀರಿನ ಸದ್ದು. ಟವೆಲ್ ಹಿಡಿದು ನಿಂತು ನಾನು ಶಾಪ ಹಾಕುತ್ತಿದ್ದದ್ದು ಆ ಎರಡನೆಯ ನೀರಿಗೆ.

ನನಗೆ ಬಂದ ಸಿಟ್ಟನ್ನು ಏನೆಂದು ಹೇಳಲಿ! ಹೇಳಬಾರದಿತ್ತೇ? ಒಂದು ಮಾತು, ಒಂದೇ ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು? ಬೈಯುವುದಕ್ಕೆ ಅಪ್ಪ ಎದುರಿಗಿರಲಿಲ್ಲ. ಅತ್ತೆ ಇದ್ದರು.

"ಕೇಳಿಸ್ತಾ ಅತ್ತೆ? ನನ್ನ ಕೊರಳಲ್ಲಿದ್ದಾಗ ನಾನು ಅದಕ್ಕೆ ನೆಟ್ಟಗೆ ಒಂದು ತೊಟ್ಟು ನೀರು ಹಾಕಿದೋಳಲ್ಲ. ಓಡ್ತಾ ಓಡ್ತಾ ಕಣ್ಣಿಗೊತ್ಕೊಂಡು ಹೋಗ್ತಿದ್ದೆ, ಅಷ್ಟೇ. ಅದು ಪೂಜೆ ಕಂಡಿದ್ದು ಅಪ್ಪನ ಕೈಲಿ. ಅದು ಅವರದಲ್ಲದೆ ಇನ್ಯಾರದು? ಆ ಕೈಗೆ ಗೊತ್ತಿಲ್ಲದ ಲಿಂಗನಾ ಅದು? ಈ ಮಣ್ಣಿಗೆ ಯಾರಾದ್ರೂ ಸಲಿಕೆ ಮುಟ್ಟಿಸಿ ನೋಡಣ!"

ಕೂಗುತ್ತಿದ್ದ ಹಾಗೆ ನಾನು ಹೇಳುತ್ತಿದ್ದದ್ದು ನನಗೇ ಕೇಳಿಸಿತು. ಅಪ್ಪ ಬರಿಗೈಯಲ್ಲಿ ಹೋಗಿರಲಿಲ್ಲ. ಯಾರದೋ ಡಬ್ಬಿಯನ್ನೂ ಹಿಡಿದು ಹೋಗಿರಲಿಲ್ಲ. ಆರು ವರ್ಷ ನೋಡಿಕೊಂಡದ್ದನ್ನು ಜೊತೆಗೆ ಕರೆದುಕೊಂಡು ಹೋಗಿದ್ದರು. ನಂಬದವಳು ಎಂದು ಬೀಗುತ್ತಿದ್ದ ನಾನು ಅದನ್ನು ನಂಬಿದೆ, ಆ ಹೊತ್ತಿಗೆ ಪೂರ್ತಿಯಾಗಿ ನಂಬಿದೆ. ಅಲ್ಲೇ ಮಣ್ಣಿನ ಮೇಲೆ ಕೂತೆ. ಮೂರು ದಿನದಿಂದ ಎಲ್ಲಿತ್ತೋ ಅಳು, ತಡೆಯಲಾಗದ ಹಾಗೆ ಬಂತು. ಯಾರೂ ಅಳಬಾರದು ಎನ್ನಲಿಲ್ಲ.

ಅಯ್ಯನವರಿಗೆ ನಿರಾಳವಾದದ್ದು ಮುಖದಲ್ಲೇ ಕಾಣುತ್ತಿತ್ತು. "ಹಂಗಾದ್ರೆ ಸರಿ ಬಿಡಿ. ಪೂಜೆ ಮಾಡಿದ ಕೈಗೇ ಹೋಗಿದೆ. ತೆಗೆಯೋದೇನೂ ಬೇಡ," ಎಂದು ಮಣ್ಣಿನ ಮೇಲೆ ಹಾಲು ತುಪ್ಪ ಬಿಡಿಸಿದರು. ಅತ್ತೆ ಮೂಗು ಒರೆಸಿಕೊಂಡರು. ಅವರೂ ಅಳುತ್ತಿದ್ದರು. ತಮ್ಮನನ್ನು ಕಳೆದುಕೊಂಡವರಲ್ಲವೇ, ನನಗೆ ಆವರೆಗೆ ಅದು ನೆನಪೇ ಆಗಿರಲಿಲ್ಲ. ನೆನಪಾದರೂ ಲೋಟದ ಸಿಟ್ಟು ಹೋಗಲಿಲ್ಲ, ಇವತ್ತಿಗೂ ಹೋಗಿಲ್ಲ.

ಹೊರಡುವಾಗ ಅಯ್ಯನವರು ನನ್ನ ಮುಂದೆ ಕೈ ನೀಡಿದರು. "ಅದನ್ನ ಕೊಡಮ್ಮ, ಮಠಕ್ಕೆ ಒಪ್ಪಿಸ್ತೀನಿ. ಹೋದವರ ಲಿಂಗ ಇರೋರು ಇಟ್ಕೋಬಾರ್ದು."

"ಕೊಡಲ್ಲ."

"ಅದು ಪದ್ಧತಿ ಅಲ್ಲ ತಾಯಿ."

"ಮಗಳದನ್ನ ಅಪ್ಪ ತಗೊಂಡು ಹೋಗೋದು ಪದ್ಧತೀನಾ? ಅವ್ರು ಹೋಗಿಲ್ವಾ? ಅವರನ್ನ ಕೇಳ್ಕೊಂಡು ಬನ್ನಿ, ಆಮೇಲೆ ಕೊಡ್ತೀನಿ."

ಅಯ್ಯನವರು ಅಮ್ಮನ ಕಡೆ ನೋಡಿದರು. ಅಮ್ಮ ಖಾಲಿ ತಂಬಿಗೆ ಎತ್ತಿಕೊಂಡು ಗೇಟಿನ ಕಡೆ ನಡೆಯಲು ಶುರು ಮಾಡಿದ್ದರು.

ರಜೆ ಮುಗಿದು ನಾನು ಆಫೀಸಿಗೆ ಹೊರಡಬೇಕಾದ ದಿನ ಬಂತು. ಬೆಳಿಗ್ಗೆ ಸ್ನಾನ ಮಾಡಿ, ಪರದೆ ಸರಿಸಿ, ಗೂಡಿನ ಮುಂದೆ ಅಪ್ಪ ಕೂರುತ್ತಿದ್ದ ಮಣೆಯ ಮೇಲೆ ಕೂತೆ. ಎಡ ಅಂಗೈಯಲ್ಲಿ ಅವರ ಲಿಂಗ ಇಟ್ಟುಕೊಂಡೆ. ಒಂದು ಕಡೆ ಕಪ್ಪು ಸವೆದು ಒಳಗಿನ ಕಲ್ಲು ಕಾಣುತ್ತಿತ್ತು, ಅವರ ಹೆಬ್ಬೆರಳು ಒತ್ತುತ್ತಿದ್ದ ಜಾಗ. ಮಂತ್ರ ಮರೆತುಹೋಗಿತ್ತು. ಬಾಯಿಗೆ ಬಂದದ್ದು ಬೈಗುಳ. ಹೊಟ್ಟೆನೋವು ಅಂತ ಹೇಳಲಿಲ್ಲ, ಪೂಜೆ ಮಾಡ್ತೀನಿ ಅಂತ ಹೇಳಲಿಲ್ಲ, ಹೇಳದೇ ಇರೋದನ್ನ ಯಾವ ಮಠದಲ್ಲಿ ಕಲಿಸಿದ್ರು ನಿಮಗೆ? ಅಪ್ಪನನ್ನೂ ಶಿವನನ್ನೂ ಒಟ್ಟಿಗೆ ಕೂರಿಸಿಕೊಂಡು ಬೈದೆ. ಇಬ್ಬರೂ ಅಂಗೈಯಲ್ಲಿ ಸುಮ್ಮನೆ ಕೂತು ಕೇಳಿದರು. ಹಾಗೆ ಕೇಳುವವರು ಆ ವಾರದಲ್ಲಿ ನನಗೆ ಬೇರೆ ಯಾರೂ ಸಿಕ್ಕಿರಲಿಲ್ಲ. ಬೈಯುತ್ತಲೇ ನೀರೆರೆದೆ, ವಿಭೂತಿ ಹಚ್ಚಿದೆ, ಅಮ್ಮ ತಂದಿಟ್ಟಿದ್ದ ಪತ್ರೆ ಏರಿಸಿದೆ. ಅಷ್ಟು ಹೊತ್ತಿಗೆ ಉಸಿರು ನೆಟ್ಟಗಾಗಿತ್ತು.

"ಬಸ್ ಹೋಗುತ್ತೆ ಕಣೇ!" ಎಂದು ಅಮ್ಮ ಪರದೆಯ ಆಚೆಯಿಂದ ಕೂಗಿದರು.

ಏಳಬೇಕಿತ್ತು. ಪೂಜೆಗೆ ಇದ್ದದ್ದು ಒಂದೇ ಲಿಂಗ, ಅದು ಮುಗಿದಿತ್ತು. ಆದರೆ ನನ್ನದು ಅಲ್ಲಿ, ಅಪ್ಪನ ಬೂದು ಬೆರಳುಗಳ ಒಳಗೆ, ಮಣ್ಣಿನಡಿ ಇತ್ತು. ಅಪ್ಪ ಓಡಾಡಿಕೊಂಡಿರುವ ತನಕ ಒಂದು ಹೊತ್ತೂ ತಪ್ಪದೆ ನೀರು ಕಂಡದ್ದು.

"ಇನ್ನೊಂದ್ ಚೂರು ಅಮ್ಮ," ಎಂದೆ.

ತಂಬಿಗೆ ಎತ್ತಿ ಮತ್ತೆ ಮೊದಲಿನಿಂದ ನೀರು ಹಾಕಿದೆ. ಆವತ್ತು ಬಸ್ಸು ತಪ್ಪಿತು.